ತೇಗದ ಹಲಗೆಗೆ ರೆಕ್ಸಿನ್ ಏಕೆ?

ಬಂಕ್ ಎಂದರೆ ದಾವಣಗೆರೆಯಲ್ಲಿ ಪೆಟ್ರೋಲ್ ಬಂಕ್. ದೋಣಿ ಟ್ರೈಲರ್‌ನ ಬಂಕ್ ಎಂದು ನಾನು ಬಾಯಿ ಬಿಟ್ಟಾಗಲೆಲ್ಲ ಎದುರಿಗಿದ್ದವರು ಒಮ್ಮೆ ಹೆದ್ದಾರಿಯ ಕಡೆ ನೋಡುತ್ತಾರೆ. ಟ್ರೈಲರ್‌ನ ಉದ್ದಕ್ಕೂ ಮಲಗಿ ದೋಣಿಯ ತಳವನ್ನು ಹೊರುವ ಎರಡು ಹಲಗೆಗಳಿಗೆ ಆ ಹೆಸರು. ನಮ್ಮ ವರ್ಕ್‌ಶಾಪಿನ ಹುಡುಗರು ಅದನ್ನು ದಿಂಬು ಎನ್ನುತ್ತಾರೆ. ಎಲ್ಲ ಅನಾಹುತಕ್ಕೂ ಆ ಹೆಸರೇ ಮೂಲವೋ ಏನೋ. ದಿಂಬು ಎಂದ ಮೇಲೆ ಮೆತ್ತಗಿರಬೇಕು, ಕವರು ಬೇಕು ಎಂದು ಗಿರಾಕಿಗಳು ತೀರ್ಮಾನಿಸಿಬಿಡುತ್ತಾರೆ.

ನನ್ನ ಅನ್ನ ಹುಟ್ಟುವುದು ಟ್ರಾಕ್ಟರ್ ಟ್ರೈಲರ್‌ಗಳಿಂದ. ದೋಣಿಯದು ವರ್ಷಕ್ಕೆ ಮೂರೋ ನಾಲ್ಕೋ, ಹೆಚ್ಚಿನವು ಸೂಳೆಕೆರೆಯ ಕಡೆಗೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ಮೇಲೆ ಹಿರಿಯೂರಿನಿಂದಲೂ ವಿಚಾರಿಸುವವರು ಬಂದರು. ಎಲ್ಲಿಂದ ಬಂದರೂ ಮಾತು ಒಂದೇ: "ಅಣ್ಣಾ, ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ತೇಗವೇ ಹಾಕಿ. ಮೇಲೆ ಸ್ಪಂಜು ಇಟ್ಟು ರೆಕ್ಸಿನ್ ಹೊಲಿಸಿ. ನೀರು ಒಳಗೆ ಹೋಗದ ಹಾಗೆ ಸುತ್ತಲೂ ಮುಚ್ಚಿಬಿಡಿ."

ನೀರು ಒಳಗೆ ಹೋಗದ ಹಾಗೆ! ಹಲಗೆಗೆ ಬೋಲ್ಟಿನ ತೂತುಗಳಿರುತ್ತವೆ, ರೆಕ್ಸಿನ್‌ಗೆ ಅಡಿಗಡಿಗೆ ಪಿನ್ನು ಹೊಡೆದಿರುತ್ತದೆ, ದೋಣಿ ಇಳಿಸುವಾಗ ಹಲಗೆಯ ಹಿಂಭಾಗ ನೀರಿನಲ್ಲಿ ಮುಳುಗುತ್ತದೆ. ಹೋಗುವ ನೀರು ಹೋಗಿಯೇ ಹೋಗುತ್ತದೆ. ನೀವು ಸುತ್ತಿದ ರೆಕ್ಸಿನ್ ತಡೆಯುವುದು ಅದು ಹೊರಗೆ ಬರುವುದನ್ನು.

ಇದನ್ನು ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಮರವನ್ನು ಕೊಳೆಸುವುದು ನೀರಲ್ಲ, ಅಣಬೆಯ ಜಾತಿಯ ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮರದೊಳಗಿನ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಪೂರ್ತಿ ಮುಳುಗಿದ ಮರದಲ್ಲಿ ಗಾಳಿಯಿಲ್ಲ, ಅಲ್ಲಿಯೂ ಅದರ ಆಟ ನಡೆಯುವುದಿಲ್ಲ. ನಂಬಿಕೆಯಾಗದಿದ್ದರೆ ಹೊಲದ ಹಳೆಯ ಬೇಲಿ ಗೂಟವೊಂದನ್ನು ಕಿತ್ತು ನೋಡಿ. ಮೇಲಿನ ತುದಿ ಬಿಸಿಲಿಗೆ ಬಿರಿದಿದ್ದರೂ ಗಟ್ಟಿಯಾಗಿರುತ್ತದೆ. ಆಳದಲ್ಲಿ ಹೂತ ತುದಿಯೂ ಅಷ್ಟೇನೂ ಕೆಟ್ಟಿರುವುದಿಲ್ಲ. ನೆಲದ ಮಟ್ಟದಲ್ಲಿ ಒಂದು ಗೇಣು ಮಾತ್ರ ಉಗುರಿಗೆ ಉದುರುವಂತಾಗಿರುತ್ತದೆ, ಏಕೆಂದರೆ ತೇವವೂ ಗಾಳಿಯೂ ಕೂಡುವ ಜಾಗ ಅದು. ರೆಕ್ಸಿನ್ ಸುತ್ತಿದ ಹಲಗೆ ತುದಿಯಿಂದ ತುದಿಯವರೆಗೆ ಆ ಒಂದು ಗೇಣೇ.

ಚನ್ನಗಿರಿ ಕಡೆಯ ಮೀನು ವ್ಯಾಪಾರಿಯೊಬ್ಬರು, ನಾವೆಲ್ಲ ಯಜಮಾನರು ಎನ್ನುವವರು, ನನ್ನ ಮಾತು ಕೇಳದೆ ತೇಗಕ್ಕೆ ನೀಲಿ ರೆಕ್ಸಿನ್ ಹೊಲಿಸಿಕೊಂಡಿದ್ದರು. ಎರಡು ಮಳೆಗಾಲ ಕಳೆದ ಮೇಲೆ ದೋಣಿ ಒಂದು ಕಡೆ ವಾಲುತ್ತಿದೆ ಎಂದು ತಂದರು. ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಅಂಚನ್ನು ಬ್ಲೇಡಿನಿಂದ ಸೀಳಿದರೆ ಸ್ಪಂಜಿನಿಂದ ಕಂದು ನೀರು ಇಳಿಯಿತು, ಕೆರೆಯ ಕೆಸರಿನ ವಾಸನೆ ಬಂತು. ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೆ ಹೋಯಿತು. ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಂದು ಕಡೆ ತಾವೇ ಒತ್ತಿದರು, ಅಲ್ಲಿಯೂ ಹೋಯಿತು. "ತೇಗವೇ ಹಾಕಿದ್ದೆಯೇನಪ್ಪಾ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ವಯಸ್ಸು ನೋಡಿ ಸುಮ್ಮನಾದೆ.

ತೇಗವೇ ಹಾಕಿದ್ದೆ. ಆದರೆ ತೇಗದ ಬಾಳಿಕೆ ಇರುವುದು ಅದರ ಚೇಗಿನಲ್ಲಿ, ಎಂದರೆ ಕಾಂಡದ ನಡುವಿನ ಗಾಢ ಬಣ್ಣದ ಗಟ್ಟಿ ಭಾಗದಲ್ಲಿ. ತೊಗಟೆಯ ಒಳಗಿನ ಬಿಳಿ ಭಾಗ ತೇಗದ್ದಾದರೂ ಬೇಗ ಕೊಳೆಯುತ್ತದೆ, ಎಳೆಯ ತೋಟದ ತೇಗದಲ್ಲಿ ಬಿಳಿಯೇ ಹೆಚ್ಚು. ಹೆಸರಿಗೆ ದುಡ್ಡು ಕೊಡುವ ಬದಲು ಹಲಗೆಯ ಬಣ್ಣ ನೋಡಿ. ಅಂಗಡಿಯವನ ಪಟ್ಟಿಯಲ್ಲಿ ಮೆರೈನ್ ಪ್ಲೈವುಡ್ ಕಂಡು ಹಿಗ್ಗುವವರೂ ಇದ್ದಾರೆ. ಅದನ್ನು ಕುದಿಸಿ ಪರೀಕ್ಷಿಸುವುದು ಅಂಟು ಬಿಡುತ್ತದೆಯೇ ಎಂದು ನೋಡಲು. ಕತ್ತರಿಸಿದ ಅಂಚನ್ನು ಬರಿದಾಗಿ ಬಿಟ್ಟರೆ ಅದೂ ನೀರು ಕುಡಿಯುತ್ತದೆ.

ಹಲಗೆಯ ದಪ್ಪ ಎಷ್ಟು ಎಂದು ಫೋನಿನಲ್ಲಿ ಕೇಳಬೇಡಿ. ದೋಣಿಯ ತೂಕ, ತಳದ ಇಳಿಜಾರು, ಕೆಳಗಿನ ಆಧಾರಗಳ ಅಂತರ ನೋಡದೆ ಹೇಳುವವನು ಊಹೆ ಹೇಳುತ್ತಾನೆ. ನಾನು ಮಾಡುವ ಕ್ರಮವನ್ನಷ್ಟೇ ಹೇಳಬಲ್ಲೆ. ಒಣಗಿದ ಹಲಗೆ ತರಿಸಿ, ತೂತುಗಳನ್ನೆಲ್ಲ ಮೊದಲೇ ಕೊರೆದು, ತೂತಿನೊಳಕ್ಕೂ ಎರಡು ತುದಿಗಳಿಗೂ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಕುಡಿಸುತ್ತೇನೆ. ಕಬ್ಬಿನ ಜಲ್ಲೆಯಂತೆ ಮರವೂ ನೀರೆಳೆಯುವುದು ತುದಿಯಿಂದ. ಮೈಗೆ ಮೂರು ಕೋಟು ಬಣ್ಣ ಬಳಿದು ತುದಿಯನ್ನು ಬರಿದು ಬಿಡುವ ಬಡಗಿಯನ್ನು ಕಂಡರೆ ನನಗೆ ಆಗುವುದಿಲ್ಲ. ಬೋಲ್ಟಿನ ತಲೆ ದೋಣಿಗೆ ತಾಗದಂತೆ ಹಲಗೆಯೊಳಗೆ ತಗ್ಗಿಸುತ್ತೇನೆ. ಹೊದಿಕೆ ಬೇಕೇ ಬೇಕೆಂದರೆ ಮೇಲ್ಮೈ ಮತ್ತು ಎರಡು ಮಗ್ಗುಲಿಗೆ ತೆಳ್ಳಗಿನ ಸಿಂಥೆಟಿಕ್ ಕಾರ್ಪೆಟ್, ಸ್ಟೇನ್‌ಲೆಸ್ ಪಿನ್ನು. ಅಡಿಭಾಗ ಪೂರ್ತಿ ತೆರೆದಿರಬೇಕು. ಹರಿಹರದ ಹೊಳೆ ದಂಡೆಯಲ್ಲಿ ತೆಪ್ಪವನ್ನು ಬೋರಲು ಹಾಕಿ ಒಣಗಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮರವೇ ಬೇಡ, ಪ್ಲಾಸ್ಟಿಕ್ ಪಟ್ಟಿ ಸಾಕು ಎನ್ನುವವರಿಗೆ ಎರಡು ಮಾತು. ಎಚ್‌ಡಿಪಿಇ ಕೊಳೆಯುವುದಿಲ್ಲ, ನಿಜ. ಆದರೆ ಒಂಟಿಯಾಗಿ ಹಾಕಿದರೆ ಭಾರಕ್ಕೆ ಬಾಗುತ್ತದೆ, ಆದ್ದರಿಂದ ಮರದ ಮೇಲೆ ಪಟ್ಟಿಯಾಗಿ ಕೂರಿಸುವುದೇ ಸರಿ. ಮೇಲಾಗಿ ವಿಪರೀತ ಜಾರುತ್ತದೆ. ಇಳಿಜಾರಿನಲ್ಲಿ ಅವಸರಕ್ಕೆ, ದೋಣಿಯನ್ನು ಟ್ರೈಲರ್‌ಗೆ ಎಳೆದು ಹಿಡಿಯುವ ವಿಂಚಿನ ಪಟ್ಟಿ ಬಿಚ್ಚಿದ ಒಬ್ಬರ ದೋಣಿ ನೀರಿಗಿಂತ ಮೊದಲು ಕಲ್ಲಿಗೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನು ನಿಮ್ಮದು ಅಲ್ಯೂಮಿನಿಯಂ ದೋಣಿಯಾದರೆ ತಾಮ್ರದ ಔಷಧ ಕುಡಿಸಿದ ಹಸಿರು ಛಾಯೆಯ ಹಲಗೆ ತರಬೇಡಿ. ಒದ್ದೆಯಾದಾಗ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ನಡುವೆ ಇರುವ ಕಾರ್ಪೆಟ್ ಒದ್ದೆಯಾಗಿದ್ದರೆ ಅದೂ ಕಾಯುವುದಿಲ್ಲ. ಫೈಬರ್ ದೋಣಿಗೆ ಈ ತೊಂದರೆ ಇಲ್ಲ.

ಯಜಮಾನರು ಹೊಸ ಹಲಗೆ ಹಾಕಿಸಿಕೊಂಡರು, ಈ ಸಲ ಹೊನ್ನೆಯ ಚೇಗಿನದು. ಹೊರಡುವಾಗ ಮೆಲ್ಲಗೆ, "ಮೇಲೆ ಒಂದು ತೆಳುವಾದ ರೆಕ್ಸಿನ್ ಆದರೂ..." ಎಂದು ರಾಗ ತೆಗೆದರು. ಮೂಲೆಯಲ್ಲಿ ಎರಡು ಮೀಟರ್ ನೀಲಿ ರೆಕ್ಸಿನ್ ಉಳಿದಿತ್ತು. ಅದರಲ್ಲಿ ಅವರ ಟ್ರಾಕ್ಟರ್ ಸೀಟಿಗೆ ಕವರು ಹೊಲಿಸಿ ಕೊಟ್ಟು ಕಳಿಸಿದೆ.