ಕ್ಯಾಮೆರಾಕ್ಕೆ ಲಕ್ಷ, ಲೆನ್ಸಿಗೆ ಚಿಲ್ಲರೆ

"ಆರಂಭಿಕರ ಮಿರರ್‌ಲೆಸ್ ಕ್ಯಾಮೆರಾ ಸಾಕೋ, ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮೇ ಬೇಕೋ?" ಎಂದು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಅವರಿಗೆ ಬೇಕಿರುವುದು ಸಲಹೆಯಲ್ಲ, ಹೂಂಗುಟ್ಟುವ ಜನ. ಮದುವೆ ಫೋಟೊ ತೆಗೆಯುವುದು, ಬಿಡುವಿನಲ್ಲಿ ಕಲಿಸುವುದು ನನ್ನ ಕಸುಬು. ಹೂಂಗುಟ್ಟಿದರೆ ಆರು ತಿಂಗಳ ಬಳಿಕ ಅದೇ ಜನ ಮಸುಕು ಚಿತ್ರಗಳನ್ನು ಹಿಡಿದು ನನ್ನ ಮುಂದೆಯೇ ಕೂರುತ್ತಾರೆ. ಕಾರಣ ಪ್ರತಿ ಸಲವೂ ಒಂದೇ: ಇದ್ದಬದ್ದ ಹಣವನ್ನೆಲ್ಲ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಮೇಲೆ ಸುರಿದು, ಅದರ ಜೊತೆ ಬಂದ ಕಿಟ್ ಲೆನ್ಸಿನಲ್ಲೇ ಸಂಸಾರ ಸಾಗಿಸುವುದು.

ಮೆಗಾಪಿಕ್ಸೆಲ್ ವಿಷಯ ಇಲ್ಲಿಗೇ ಮುಗಿಸುತ್ತೇನೆ. ಕ್ಯಾನನ್‌ನ ಆರಂಭಿಕ ಮಾದರಿ ಆರ್50 ಕೂಡ 24.2, ಮೇಲಿನ ದರ್ಜೆಯ ಆರ್6 ಮಾರ್ಕ್ 2 ಕೂಡ 24.2.

ಒಬ್ಬ ತಂದೆ ಮಗಳ ರಂಗಪ್ರವೇಶಕ್ಕೆಂದೇ ಒಳ್ಳೆಯ ಫುಲ್ ಫ್ರೇಮ್ ಕ್ಯಾಮೆರಾ ಕೊಂಡಿದ್ದರು. ತಾವೇ ಮುಂದಿನ ಸಾಲಿನಲ್ಲಿ ಕುಳಿತು ಕ್ಲಿಕ್ಕಿಸಿದ್ದರು. ಜತಿ ಮುಗಿಯುವ ಕಡೆಯಲ್ಲೆಲ್ಲ ಹುಡುಗಿಯ ಕೈಗಳು ಕಲಸಿಹೋಗಿದ್ದವು, ಮುಖದ ತುಂಬ ರವೆ ಚೆಲ್ಲಿದಂತಹ ಕಾಳು. "ಸರ್, ಸೆನ್ಸರ್‌ನಲ್ಲೇ ಏನೋ ದೋಷ ಇರಬೇಕು, ಸರ್ವಿಸ್ ಸೆಂಟರಿಗೆ ಕೊಡಲೇ?" ಎಂದರು. ಸೆನ್ಸರ್ ಚೆನ್ನಾಗಿಯೇ ಇತ್ತು. ಲೆನ್ಸ್ ಮಾತ್ರ 105 ಮಿ.ಮೀ.ಗೆ ಜೂಮ್ ಎಳೆದಾಗ ಎಫ್ 7.1ಕ್ಕಿಂತ ಅಗಲವಾಗಿ ತೆರೆಯುವಂಥದ್ದಲ್ಲ. ದೊಡ್ಡ ಹಂಡೆ ಕೊಂಡು ತಂದು ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಹಾಗೆ.

ಲೆಕ್ಕ ನೋಡಿ; ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ ಮರೆಯುತ್ತಾರೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಮತ್ತು ಬೆಳಕು ಆ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಎಫ್ 7.1ಕ್ಕೆ ಹೋಲಿಸಿದರೆ ಎಫ್ 1.8ರ ಲೆನ್ಸ್ ಸುಮಾರು 15 ಪಟ್ಟು ಬೆಳಕನ್ನು ಒಳಬಿಡುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಬದಲಿಸದೆ, ಸೆಕೆಂಡಿನ 30ನೆಯ ಒಂದು ಭಾಗದಲ್ಲಿ ಕಲಸಿಹೋಗುತ್ತಿದ್ದ ಕೈಯನ್ನು 500ನೆಯ ಒಂದು ಭಾಗದ ಆಸುಪಾಸಿನಲ್ಲಿ ಹಿಡಿಯಬಹುದು. ಇನ್ನು ಸೆನ್ಸರ್: ಫುಲ್ ಫ್ರೇಮ್ 36×24 ಮಿ.ಮೀ., ಆರಂಭಿಕ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಚಿಕ್ಕ ಸೆನ್ಸರ್ ಎಪಿಎಸ್-ಸಿ, ಕ್ಯಾನನ್‌ನಲ್ಲಿ ಸುಮಾರು 22.3×14.9. ವಿಸ್ತೀರ್ಣದಲ್ಲಿ ಎರಡೂವರೆ ಪಟ್ಟಿನ ವ್ಯತ್ಯಾಸ. ಅಂದರೆ ಆ ತಂದೆ ಆರಂಭಿಕ ಕ್ಯಾಮೆರಾ ಕೊಂಡು, ಉಳಿದ ಹಣದಲ್ಲಿ 50 ಮಿ.ಮೀ. ಎಫ್ 1.8 ಲೆನ್ಸ್ ತೆಗೆದುಕೊಂಡಿದ್ದರೆ, ಸೆನ್ಸರ್ ಚಿಕ್ಕದಾದರೂ ಅದರ ಮೇಲೆ ಆರು ಪಟ್ಟು ಬೆಳಕು ಬೀಳುತ್ತಿತ್ತು. ನೋಟದ ನಡುಭಾಗವನ್ನಷ್ಟೇ ಹಿಡಿಯುವ ಎಪಿಎಸ್-ಸಿಯಲ್ಲಿ ಆ ಲೆನ್ಸ್ ಫುಲ್ ಫ್ರೇಮಿನ 80 ಮಿ.ಮೀ.ನಂತೆ ಕಾಣುವುದರಿಂದ ವೇದಿಕೆಗೂ ಹೊಂದುತ್ತಿತ್ತು.

ಇದು ಒರಟು ಲೆಕ್ಕವೆಂಬುದನ್ನೂ ಹೇಳಬೇಕು. ಸೆನ್ಸರ್‌ನ ಪೀಳಿಗೆಯಿಂದಲೂ ವ್ಯತ್ಯಾಸವಾಗುತ್ತದೆ. ಎಫ್ 1.8ರಲ್ಲಿ ಒಂದು ಮುಖ ಸ್ಪಷ್ಟವಾದರೆ ಹಿಂದೆ ನಿಂತವರು ಮಸುಕಾಗುತ್ತಾರೆ. ಬೀಗರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಯುವಾಗ ಕಿಂಡಿ ಕಿರಿದು ಮಾಡಿ ಫ್ಲ್ಯಾಶ್ ಹಾಕದೆ ಗತಿಯಿಲ್ಲ.

"ಬಾಡಿಯಲ್ಲೇ ಸ್ಟೆಬಿಲೈಜೇಷನ್ ಇದೆಯಲ್ಲ?" ಎನ್ನುವವರಿದ್ದಾರೆ. ಅದು ನಿಮ್ಮ ಕೈನಡುಕವನ್ನು ಸರಿಪಡಿಸುತ್ತದೆ, ನರ್ತಕಿಯ ಕೈಯನ್ನು ನಿಲ್ಲಿಸುವುದಿಲ್ಲ.

ಹಾಗಾದರೆ ಮೇಲಿನ ದರ್ಜೆ ದಂಡವೇ? ಖಂಡಿತ ಅಲ್ಲ. ಆದರೆ ದರ್ಜೆಯನ್ನು ಸೆನ್ಸರ್‌ನ ಗಾತ್ರದಿಂದ ಅಳೆಯಬೇಡಿ. ಕ್ಯಾನನ್ ಆರ್8 ಫುಲ್ ಫ್ರೇಮ್; ಅದರಲ್ಲಿ ಕಾರ್ಡ್ ಹಾಕಲು ಒಂದೇ ಸ್ಲಾಟ್, ಬಾಡಿಯಲ್ಲಿ ಸ್ಟೆಬಿಲೈಜೇಷನ್ ಇಲ್ಲ, ಬ್ಯಾಟರಿಯೂ ಚಿಕ್ಕದು. ಆರ್7 ಎಪಿಎಸ್-ಸಿ, ಅದರಲ್ಲಿ ಈ ಮೂರೂ ಮೇಲು. ಹಣ ಪಡೆದು ಮದುವೆ ಫೋಟೊ ತೆಗೆದುಕೊಡುವವರನ್ನು ನಾನು ಮೊದಲು ಕೇಳುವುದು ಎರಡು ಕಾರ್ಡಿನ ಬಗ್ಗೆ. ಗಟ್ಟಿಮೇಳ ಮೊಳಗಿ ತಾಳಿ ಕಟ್ಟುವ ಆ ಕೆಲವು ಸೆಕೆಂಡುಗಳ ಚಿತ್ರಗಳು ಒಂದೇ ಕಾರ್ಡಿನಲ್ಲಿದ್ದು, ಆ ಕಾರ್ಡ್ ಕೈಕೊಟ್ಟರೆ ಪುರೋಹಿತರನ್ನು ಮತ್ತೆ ಕರೆಸಲಾಗುವುದಿಲ್ಲ. ಮನೆಯ ಮಕ್ಕಳ ಹುಟ್ಟುಹಬ್ಬಕ್ಕೆ ಇಷ್ಟು ಭಯ ಬೇಕಿಲ್ಲ.

ಕಲ್ಯಾಣ ಮಂಟಪದ ಮಾತು ಬಂದಿದ್ದಕ್ಕೆ ಇನ್ನೊಂದು. ಈಗ ಎಲ್ಲೆಡೆ ಎಲ್‌ಇಡಿ ದೀಪ, ಎಲ್‌ಇಡಿ ಪರದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದರೆ ವಧುವಿನ ಸೀರೆಯ ಮೇಲೆ ಅಡ್ಡ ಪಟ್ಟಿಗಳು ಮೂಡುತ್ತವೆ. ಆಗಲೂ ಜನ ಕ್ಯಾಮೆರಾ ಬದಲಿಸಲು ಹೊರಡುತ್ತಾರೆ. ಸೈಲೆಂಟ್ ಮೋಡ್ ಆಫ್ ಮಾಡಿ, ಶಟರ್ ವೇಗ ಸ್ವಲ್ಪ ಇಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ರಂಗನತಿಟ್ಟಿನ ದೋಣಿಯಲ್ಲಂತೂ ಕಥೆಯೇ ತಲೆಕೆಳಗು. ಅಲ್ಲಿ ಹಗಲು ಬೆಳಕು ಧಾರಾಳ, ಕೊರತೆ ಇರುವುದು ಹತ್ತಿರ ಹೋಗುವುದಕ್ಕೆ. ಎಪಿಎಸ್-ಸಿ ಕ್ಯಾಮೆರಾಕ್ಕೆ 100-400 ಲೆನ್ಸ್ ಹಾಕಿದ ಕಾಲೇಜು ಹುಡುಗಿಗೆ 640 ಮಿ.ಮೀ.ನಷ್ಟು ಹತ್ತಿರದ ನೋಟ ಸಿಗುತ್ತದೆ. ಪಕ್ಕದಲ್ಲಿ ಫುಲ್ ಫ್ರೇಮ್ ಕೊರಳಿಗೆ ಹಾಕಿಕೊಂಡ ಯಜಮಾನರು 24-105ರಲ್ಲಿ ಹೆಜ್ಜಾರ್ಲೆಯನ್ನು ಬಿಳಿ ಚುಕ್ಕೆಯಾಗಿ ತೆಗೆಯುತ್ತಿರುತ್ತಾರೆ. ಪಾಪ, ಅವರು ತುಂಬ ಖುಷಿಯಲ್ಲೇ ಇರುತ್ತಾರೆ. ನಾನು ಏನೂ ಹೇಳಲು ಹೋಗುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಬೇಕೆನಿಸಿದ ಲೆನ್ಸನ್ನು ಒಂದು ಭಾನುವಾರದ ಮಟ್ಟಿಗೆ ಬಾಡಿಗೆಗೆ ಪಡೆದು, ನಿಮ್ಮದೇ ಮನೆಯ ಟ್ಯೂಬ್‌ಲೈಟ್ ಕೆಳಗೆ ಪರೀಕ್ಷಿಸಿ. ಮುಂದೆ ಫುಲ್ ಫ್ರೇಮಿಗೆ ಹೋಗುವ ಆಸೆಯಿದ್ದರೆ ಕ್ಯಾನನ್ ಲೆನ್ಸಿನ ಮೇಲೆ ಆರ್‌ಎಫ್ ಎಂದಿದೆಯೋ, ಆರ್‌ಎಫ್-ಎಸ್ ಎಂದಿದೆಯೋ ಓದಿಕೊಳ್ಳಿ. ಎರಡನೆಯದು ಎಪಿಎಸ್-ಸಿಗೆಂದು ಮಾಡಿದ್ದು. ಆರ್6 ಮಾರ್ಕ್ 2ಕ್ಕೆ ಹಾಕಿದರೆ ಕೂರುತ್ತದೆ, ಆದರೆ 24 ಮೆಗಾಪಿಕ್ಸೆಲ್ಲಿನಲ್ಲಿ ನಿಮಗೆ ಸಿಗುವುದು ಒಂಬತ್ತು ಚಿಲ್ಲರೆ.