ಸೂರ್ಯಕಾಂತಿಯ ಕಾಡು ನೆಂಟರು

ರೋಣ, ನರಗುಂದ, ನವಲಗುಂದದ ಎರಿ ಹೊಲಗಳಲ್ಲಿ ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ತಗುಲಿದರೆ ಮೊದಲು ಎಲೆಯ ಒಂದು ಮಗ್ಗುಲು ಸುಟ್ಟಂತಾಗಿ ತಿರುಚಿಕೊಳ್ಳುತ್ತದೆ. ಆಮೇಲೆ ತೊಟ್ಟಿನಿಂದ ಕಾಂಡಕ್ಕೆ ಕಪ್ಪು ಗೆರೆ. ಎಳೆಯದರಲ್ಲೇ ಬಡಿದರೆ ಗಿಡ ಸಾಯುತ್ತದೆ. ಮೊಗ್ಗಿನ ಹೊತ್ತಿಗೆ ಬಂದರೆ ತೆನೆ ಸೊಟ್ಟಗಾಗಿ ಕಾಳು ಜೊಳ್ಳು. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1997ರಲ್ಲಿ, ಬಾಗೇಪಲ್ಲಿಯಿಂದ. ಕಾರಣ, ಟೊಬ್ಯಾಕೊ ಸ್ಟ್ರೀಕ್ ಎಂಬ ನಂಜಾಣು.

ಕಾಂಗ್ರೆಸ್ ಕಸ ಈ ನಂಜನ್ನು ಒಡಲಲ್ಲಿಟ್ಟುಕೊಂಡೂ ಹಸಿರಾಗಿ ನಿಂತಿರುತ್ತದೆ. ಅದರ ಪರಾಗ ಮೆತ್ತಿಕೊಂಡ ಥ್ರಿಪ್ಸ್ ಎಂಬ ಸಣ್ಣ ಕೀಟ ಬಂದು ಎಲೆ ಕೆರೆದಾಗ ಗಾಯದೊಳಗೆ ನಂಜು ಇಳಿಯುತ್ತದೆ. ಕಸವನ್ನು ಹೂಬಿಡುವ ಮೊದಲೇ ಕೀಳುವುದು, ಸುತ್ತ 3-4 ಸಾಲು ಜೋಳ ಹಾಕುವುದು, ಕಿಲೋ ಬೀಜಕ್ಕೆ 5 ಗ್ರಾಂ ಇಮಿಡಾಕ್ಲೋಪ್ರಿಡ್ ಕೀಟನಾಶಕದ ಉಪಚಾರ: ಇಷ್ಟು ಕಾವಲು. ಪಕ್ಕದ ಪಾಳು ಹೊಲದ ಕಸ ಕೀಳುವವರು ಯಾರು?

ಹಾಗಾಗಿ ಕಣ್ಣು ರೋಗ ತಡೆಯುವ ತಳಿಯತ್ತ ಹೋಯಿತು. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿ ಅದರ ಸುಮಾರು 50 ಕಾಡು ಜಾತಿಗಳಿವೆ, ತಡೆಯ ಗುಣ ಹುಡುಕುವುದು ಅವುಗಳಲ್ಲಿ. ನೆಂಟಸ್ತಿಕೆ ಹೊಸದೂ ಅಲ್ಲ. 1969ರಲ್ಲಿ ಫ್ರಾನ್ಸಿನ ಲೆಕ್ಲೆರ್ಕ್, ಕಾಡಿನ ಪೆಟಿಯೊಲಾರಿಸ್ ಜಾತಿಯಿಂದ ಪರಾಗ ಕಟ್ಟದ ಹೆಣ್ಣು ತಳಿ ಪಡೆದರು. 1980ರಲ್ಲಿ ಬಂದ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬಿ.ಎಸ್.ಎಚ್-1, ಇದೇ ಬುನಾದಿಯ ಮೇಲೆ ನಿಂತದ್ದು. ಗದಗಿನ ಅಂಗಡಿಯ ಹೈಬ್ರಿಡ್ ಬೀಜದ ಪಾಕೀಟಿನಲ್ಲೂ ಸಾಮಾನ್ಯವಾಗಿ ಆ ಕಾಡು ತಾಯಿಯ ಪಾಲಿರುತ್ತದೆ.

ಅರ್ಗೊಫಿಲಸ್, ಡೆಬಿಲಿಸ್, ಪ್ರೀಕಾಕ್ಸ್ ಜಾತಿಗಳಿಗೂ ನಮ್ಮ ಬೆಳೆಯಂತೆ 34 ವರ್ಣತಂತು, ಸಂಕರ ಕೂಡಿಬರುತ್ತದೆ. ಬಹುವಾರ್ಷಿಕ ಜಾತಿಗಳಲ್ಲಿ ಹಲವಕ್ಕೆ ಭ್ರೂಣ ಅರ್ಧಕ್ಕೇ ಸಾಯುವುದರಿಂದ, ಕೆಲವೇ ದಿನದಲ್ಲಿ ಅದನ್ನು ಬಿಡಿಸಿ ಗಾಜಿನ ನಳಿಕೆಯಲ್ಲಿ ಬೆಳೆಸಬೇಕು. ಪರಾಗ ಕಟ್ಟುವ ಸಾಮಾನ್ಯ ತಳಿಯನ್ನು ಹೆಣ್ಣಾಗಿಸುವಾಗ ಬೆಳಗಿನ ಜಾವವೇ ಹೊರಸುತ್ತಿನ ಹೂಗಳ ಪರಾಗಕೋಶದ ಕೊಳವೆಯನ್ನು ಚಿಮಟದಿಂದ ಕಿತ್ತು ತೆನೆಗೆ ಬಟ್ಟೆಚೀಲ ಕಟ್ಟಬೇಕು. ಮರುದಿನ ಶಲಾಕಾಗ್ರ, ಅಂದರೆ ಹೂವಿನ ಹೆಣ್ಣು ಭಾಗದ ತುದಿ, ಎರಡಾಗಿ ಬಿರಿದಾಗ ಕಾಡು ಪರಾಗ ಸವರಬೇಕು. ಕೀಳುವ ಮೊದಲೇ ಬಿಸಿಲೇರಿದರೆ ಸ್ವಂತ ಪರಾಗವೇ ಚೆಲ್ಲಿರುತ್ತದೆ. ಕಾಡು ಬೀಜ ಮೊಳೆಯಲಿಕ್ಕೂ ಸತಾಯಿಸುತ್ತದೆ, ತುದಿ ಸಿಪ್ಪೆ ಕತ್ತರಿಸಬೇಕಾಗುತ್ತದೆ.

ಮೊದಲ ಸಂಕರದಲ್ಲಿ ಅರ್ಧ ಕಾಡು: ಹತ್ತಾರು ಕವಲು, ಅಂಗೈ ತುಂಬದ ತೆನೆ, ಉದುರುವ ಕಾಳು. ಬೆಳೆಯ ತಳಿಗೆ ಮತ್ತೆ ಮತ್ತೆ ಕೂಡಿಸಿದರೆ ಕಾಡಿನ ಪಾಲು ಸರಾಸರಿ 25, 12.5, 6.25 ಪ್ರತಿಶತಕ್ಕೆ ಇಳಿಯುತ್ತದೆ. ಬೇಕಾದ ಜೀನಿನ ಪಕ್ಕದಲ್ಲೇ ಕೂತ ಕೆಟ್ಟ ಗುಣ ಮಾತ್ರ ಅಷ್ಟು ಸಲೀಸಾಗಿ ಬಿಡುವುದಿಲ್ಲ.

ದೊಡ್ಡ ಮೋಸ ಆಗುವುದು ಪರೀಕ್ಷೆಯಲ್ಲಿ. ಥ್ರಿಪ್ಸ್ ಕಡಿಮೆಯಿದ್ದ ವರ್ಷ ಉಳಿದ ಗಿಡ ತಡೆಯುಳ್ಳದ್ದಲ್ಲ, ತಪ್ಪಿಸಿಕೊಂಡದ್ದು. ಅದಕ್ಕೆ ರೋಗಿಷ್ಟ ಎಲೆಯನ್ನು ತಣ್ಣನೆಯ ಫಾಸ್ಫೇಟ್ ಬಫರ್ ದ್ರಾವಣದಲ್ಲಿ ಅರೆದು, ಸಣ್ಣ ಗೀರು ಮೂಡಿಸುವ ಕಾರ್ಬೊರಂಡಂ ಪುಡಿ ಉದುರಿಸಿದ ಎಳೆ ಎಲೆಗೆ ಮೆಲ್ಲಗೆ ಉಜ್ಜುತ್ತಾರೆ. ರಸ ಬೆಚ್ಚಗಾದರೆ ನಂಜು ಬೇಗ ಸತ್ತು ಪರೀಕ್ಷೆ ಸುಳ್ಳಾಗುತ್ತದೆ. ಲಕ್ಷಣ ಕಾಣದ ಗಿಡವನ್ನೂ ನಂಜಾಣು ಪತ್ತೆಹಚ್ಚುವ ಎಲಿಸಾ ಪರೀಕ್ಷೆಗೆ ಹಾಕಬೇಕು: ಅದು ಕಾಂಗ್ರೆಸ್ ಕಸದಂತೆ ನಂಜು ಹೊತ್ತೇ ನಿಂತಿರಬಹುದು. ಇಷ್ಟರ ಮೇಲೆ, ಸಿಕ್ಕ ಗುಣ ಅಪ್ರಬಲವಾಗಿದ್ದರೆ, ಅಂದರೆ ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥದ್ದಾದರೆ, ಹೈಬ್ರಿಡ್‌ನ ಗಂಡು, ಹೆಣ್ಣು ಎರಡೂ ತಳಿಗೆ ಅದನ್ನು ಬೇರೆ ಬೇರೆಯಾಗಿ ಸೇರಿಸಬೇಕು.