ಕೌಲಿಂಗ್‌ನ ಒಳಮೈಯನ್ನು ಮೊದಲು ಮುಗಿಸಿ

ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ಪುಟ್ಟ ವಿಮಾನ ಕಟ್ಟುವ ಬಹಳಷ್ಟು ಜನ ಆರಿಸಿಕೊಳ್ಳುವುದು ಆರಿಗನ್ ರಾಜ್ಯದ ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್. ಎಂಜಿನ್ನನ್ನು ಮುಚ್ಚುವ ಅದರ ಕೌಲಿಂಗ್ ಗಾಜಿನ ನಾರು ಮತ್ತು ಎಪಾಕ್ಸಿಯಿಂದ, ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟಿನಿಂದ ಆದದ್ದು. ಹಗುರವಾಗಿರಲಿ ಅಂತ ನಡುವೆ ಜೇನುಗೂಡಿನ ಪದರ ಇರುತ್ತದೆ. ಹೊರಮೈಯನ್ನು ವಾರಗಟ್ಟಲೆ ಉಜ್ಜಿ ಮಿರುಗಿಸುತ್ತಾರೆ, ಒಳಮೈಯನ್ನು ಸುಮ್ನೆ ಹಾಗೇ ಬಿಡುತ್ತಾರೆ. ವಿಮಾನ ರಿಪೇರಿ ಮಾಡುವ ನನಗೆ ಬೇಸರ ತರುವುದು ಇದೇ.

ಗಾಜಿನ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಇದ್ದೇ ಇರುತ್ತವೆ. ಎಣ್ಣೆ, ಪೆಟ್ರೋಲು ಅಲ್ಲಿಂದ ಇಳಿದು ಜೇನುಗೂಡು ಸೇರಿದರೆ ಪೂರ್ತಿ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಮುಂದೆ ಅಲ್ಲಿ ಬಿರುಕು ಬಿಟ್ಟರೆ ತೇಪೆಯೂ ಕಚ್ಚುವುದಿಲ್ಲ. ಹಾಗಾಗಿ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವ ಮುಂಚೆಯೇ ಒಳಮೈಯ ತೂತು ಮುಚ್ಚುವ ಕೆಲಸ ಆಗಬೇಕು.

ಮೊದಲು ಮೇಣ, ಜಿಡ್ಡು ಹೋಗುವಂತೆ ಒರೆಸಿ, ಹೊಳಪು ಸಾಯುವವರೆಗೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಮೇಲೆ ತೆಳುವಾಗಿ ಎಪಾಕ್ಸಿ ಎಳೆಯಿರಿ. ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು. ಎಪಾಕ್ಸಿ ನೀರಾಗಲಿ ಅಂತ ಕೆಲವರು ಅಸಿಟೋನ್ ಬೆರೆಸುತ್ತಾರೆ. ನನಗದು ಒಪ್ಪಿಗೆಯಿಲ್ಲ, ಎಪಾಕ್ಸಿಯ ಗಟ್ಟಿತನ ಕಡಿಮೆಯಾಗುತ್ತದೆ. ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ತಾಗಿಸಿ, ತಾನೇ ತೆಳುವಾಗಿ ತೂತಿಗೆ ಇಳಿಯುತ್ತದೆ. ಜಾಸ್ತಿ ಬಳಿದರೆ ಬರೀ ತೂಕ. ಕತ್ತರಿಸಿದ ಅಂಚುಗಳನ್ನು ಮರೆಯುವವರೇ ಹೆಚ್ಚು. ಆಯಿಲ್ ನೋಡಲು ಕೌಲಿಂಗ್‌ನಲ್ಲಿ ಕೊರೆದ ಪುಟ್ಟ ಆಯಿಲ್ ಬಾಗಿಲಿನ ಸುತ್ತ ಜೇನುಗೂಡು ಬಾಯಿ ತೆರೆದಿರುತ್ತದೆ. ಅದನ್ನು ಸ್ವಲ್ಪ ಕೆದಕಿ ತೆಗೆದು, ಹತ್ತಿಯ ಪುಡಿ ಬೆರೆಸಿದ ಎಪಾಕ್ಸಿ ತುಂಬಿ.

ಆಮೇಲೆ ಪೇಂಟ್. ಎರಡು ಭಾಗ ಬೆರೆಸುವ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಪೇಂಟೇ ಇರಲಿ. ಸಾಧಾರಣ ಸ್ಪ್ರೇ ಡಬ್ಬಿಯ ಬಣ್ಣ ಪೆಟ್ರೋಲು ತಾಗಿದರೆ ಕರಗುತ್ತದೆ. ಬಣ್ಣ ಬಿಳಿಯೇ ಆಗಬೇಕು. 100ಎಲ್‌ಎಲ್ ವಿಮಾನ ಪೆಟ್ರೋಲಿನಲ್ಲಿ ನೀಲಿ ಬಣ್ಣ ಬೆರೆತಿರುತ್ತದೆ, ವಿಮಾನದ ಬ್ರೇಕ್ ಆಯಿಲ್ ಸಾಮಾನ್ಯವಾಗಿ ಕೆಂಪು, ಎಂಜಿನ್ ಆಯಿಲ್ ಕಂದು. ಬಿಳಿ ಗೋಡೆಯ ಮೇಲೆ ಕಲೆ ನೋಡಿದ ಕೂಡಲೇ ಯಾವುದು ಸೋರುತ್ತಿದೆ ಅಂತ ಗೊತ್ತಾಗುತ್ತದೆ.

ಇನ್ನು ಶಾಖ. ಎಕ್ಸಾಸ್ಟ್ ಪೈಪಿನೊಳಗಿನ ಗಾಳಿ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾವು ಗ್ಯಾರೇಜಿನಲ್ಲಿ ಬೆರೆಸುವ ಎಪಾಕ್ಸಿಗಳಲ್ಲಿ ಹಲವು 60-80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತವೆ. ಪೈಪ್ ಹತ್ತಿರ ಹಾಯುವ ಕಡೆ ಅಂಟುವ ಅಲ್ಯೂಮಿನಿಯಂ ಹಾಳೆ ಬೇಕೇ ಬೇಕು. ಇಡೀ ಕೌಲಿಂಗ್‌ಗೆ ಹಚ್ಚುವ ಅಗತ್ಯವಿಲ್ಲ. ಹಾಳೆ ಹೊಳೆಯುತ್ತಿದ್ದರಷ್ಟೇ ಶಾಖವನ್ನು ವಾಪಸ್ ಎಸೆಯುತ್ತದೆ, ಮಸಿ ಹಿಡಿದರೆ ಕೆಲಸ ಕೆಟ್ಟಂತೆ. ಎಣ್ಣೆ ಹೀರುವಂಥ ಹೊದಿಕೆಯನ್ನಂತೂ ಅಲ್ಲಿ ಇಡಲೇಬೇಡಿ, ಬೆಂಕಿಗೆ ದಾರಿ ಮಾಡಿದ ಹಾಗೆ.

ಎಂಜಿನ್ ನಿಲ್ಲಿಸಿದಾಗ ಗಾಳಿಯೂ ನಿಲ್ಲುತ್ತದೆ, ಶಾಖ ಮೇಲೇರಿ ಕೌಲಿಂಗ್‌ನ ಮೇಲ್ಭಾಗಕ್ಕೆ ಬಡಿಯುತ್ತದೆ. ಇಳಿದ ಮೇಲೆ ಆಯಿಲ್ ಬಾಗಿಲು ತೆರೆದಿಡಿ. ಹಾಳೆಯ ಅಂಚುಗಳನ್ನು ಶಾಖ ತಡೆಯುವ ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ. ಆಯಿಲ್ ಬದಲಿಸಿದಾಗಲೆಲ್ಲ ಅಂಚು ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ. ಎದ್ದಿದ್ದರೆ ಅಷ್ಟನ್ನು ಕಿತ್ತು, ಒರೆಸಿ, ಹೊಸದಾಗಿ ಅಂಟಿಸಿ.